ಪೋಷಕ ನಟರೇ ಗೆದ್ದ ಕಥೆ

ಮಾರ್ಚ್ ತಿಂಗಳು ಬಂತು ಅಂದ್ರೆ ನನಗೆ ಒಂಥರಾ ಸಂಕಟ. ಆಫೀಸಿನಲ್ಲಿ ಅಪ್ರೈಸಲ್ ಕಾಲ. ನನ್ನ ಟೀಮಿನ ಒಂಬತ್ತು ಜನಕ್ಕೆ ಒಂದರಿಂದ ಐದರೊಳಗೆ ಒಂದೊಂದು ಅಂಕಿ ಕೊಡಬೇಕು. ಎಲ್ಲರಿಗೂ ಐದು ಕೊಡೋ ಹಾಗಿಲ್ಲ, ಇಂತಿಷ್ಟು ಜನಕ್ಕೆ 3 ಬರಲೇಬೇಕು ಅಂತ ಮೇಲಿನವರ ಅಪ್ಪಣೆ.

ಕೆಲವು ವರ್ಷಗಳ ಹಿಂದೆ ಟೀಮಿನ ಒಬ್ಬಾಕೆಗೆ ಹೀಗೇ 3 ಕೊಟ್ಟೆ. ಆಕೆ ಜಗಳ ಆಡಲಿಲ್ಲ, ಅಳಲಿಲ್ಲ. "ಸರ್, 3 ಅಂದ್ರೆ ಏನು?" ಅಂತ ಕೇಳಿದರು. "ಆವರೇಜ್ ಅಂತ" ಅಂದೆ. "ಯಾರ ಆವರೇಜ್ ಸರ್?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ತಿಂಗಳಲ್ಲಿ ಕೆಲಸ ಬಿಟ್ಟು ಹೋದರು. ರಾತ್ರಿ ಹನ್ನೊಂದಕ್ಕೆ ಕಸ್ಟಮರ್ ಫೋನ್ ಬಂದಾಗ ಇಷ್ಟು ದಿನ ಎತ್ತುತ್ತಿದ್ದವರು ಯಾರು, ಉಳಿದವರ ಕೋಡಿನಲ್ಲಿದ್ದ ತಪ್ಪುಗಳನ್ನ ಸದ್ದಿಲ್ಲದೆ ತಿದ್ದುತ್ತಿದ್ದವರು ಯಾರು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ.

ಈ ಪ್ರಶ್ನೆ ನೆನಪಾದಾಗಲೆಲ್ಲ ಅದರ ಬೆನ್ನಿಗೇ ನನಗೆ ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ತಂಡ ನೆನಪಾಗುತ್ತೆ. 2004ರ ಡೆಟ್ರಾಯಿಟ್ ಪಿಸ್ಟನ್ಸ್. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ಹನ್ನೆರಡನೆಯವನಾಗಿ ನೀರಿನ ಬಾಟಲಿ ಹೊತ್ತವನು ನಾನು, ಆ ಆಟದ ಮೇಲೆ ಮೊದಲಿಂದಲೂ ಪ್ರೀತಿ. ಆ ವರ್ಷ ಜೂನ್‌ನಲ್ಲಿ ಬೆಳಗ್ಗೆ ಆರೂವರೆಗೆ ಟಿವಿ ಮುಂದೆ ಕೂತು, ಆಫೀಸ್ ಬಸ್ ಬರೋವರೆಗೂ ಫೈನಲ್ಸ್ ನೋಡುತ್ತಿದ್ದೆ. ಒಂದು ಕಡೆ ಲಾಸ್ ಏಂಜಲೀಸ್ ಲೇಕರ್ಸ್: ಶಕೀಲ್ ಓನೀಲ್, ಕೋಬಿ ಬ್ರಯಾಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್. ನಾಲ್ವರೂ ನಾಯಕ ನಟರು. ಇನ್ನೊಂದು ಕಡೆ ಡೆಟ್ರಾಯಿಟ್. ಆ ತಂಡದಲ್ಲಿ ಅತಿ ಹೆಚ್ಚು ಅಂಕ ಗಳಿಸುತ್ತಿದ್ದ ರಿಚರ್ಡ್ ಹ್ಯಾಮಿಲ್ಟನ್‌ನ ಸರಾಸರಿ ಬರೀ 17.6. ಆ ವರ್ಷ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದವನು ಅವರಲ್ಲಿ ಒಬ್ಬನೇ ಒಬ್ಬ. ಗೆದ್ದಿದ್ದು ಡೆಟ್ರಾಯಿಟ್, ಅದೂ 4-1ರಿಂದ.

ಬ್ಯಾಸ್ಕೆಟ್‌ಬಾಲ್‌ನಲ್ಲಿ 'ರೋಲ್ ಪ್ಲೇಯರ್' ಅಂತ ಒಂದು ಮಾತಿದೆ. ನಮ್ಮ ಸಿನಿಮಾದ ಭಾಷೆಯಲ್ಲಿ ಹೇಳೋದಾದ್ರೆ ಪೋಷಕ ನಟ. ಪೋಸ್ಟರಿನಲ್ಲಿ ಅವನ ಮುಖ ಇರಲ್ಲ, ಆದರೆ ಅವನಿಲ್ಲದೆ ಸೀನ್ ನಿಲ್ಲಲ್ಲ. ಇಂಥವನ ಬೆಲೆ ಎಷ್ಟು? ಅವನು ಮುಂದೆ ಎಷ್ಟು ಬೆಳೀತಾನೆ? ಅವನಿಗೆ ಎಷ್ಟು ವರ್ಷದ ಒಪ್ಪಂದ ಕೊಡಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಒಬ್ಬ ಮನುಷ್ಯ ಒಂದು ತಂಡ ಕಟ್ಟಿದ, ಗೆದ್ದ, ಆಮೇಲೆ ಅದೇ ಮೂರು ಪ್ರಶ್ನೆಗಳಲ್ಲಿ ಎಡವಿದ. ಅವನ ಹೆಸರು ಜೋ ಡುಮಾರ್ಸ್. 1989 ಮತ್ತು 1990ರಲ್ಲಿ ಡೆಟ್ರಾಯಿಟ್ ಚಾಂಪಿಯನ್ ಆದಾಗ ಅದೇ ತಂಡದಲ್ಲಿ ಆಡಿದ್ದವನು. 2000ದಲ್ಲಿ ಅದರ ಆಡಳಿತದ ಚುಕ್ಕಾಣಿ ಹಿಡಿದ.

ಕಥೆಗೆ ಮುಂಚೆ ದುಡ್ಡಿನ ಲೆಕ್ಕ ಸ್ವಲ್ಪ ತಿಳ್ಕೊಂಡುಬಿಡೋಣ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಎನ್‌ಬಿಎ ಲೀಗಿನಲ್ಲಿ ಒಂದು ತಂಡ ಮನಸ್ಸಿಗೆ ಬಂದಷ್ಟು ದುಡ್ಡು ಸುರಿದು ಆಟಗಾರರನ್ನ ತರೋ ಹಾಗಿಲ್ಲ. ಎಲ್ಲ ಆಟಗಾರರ ಸಂಬಳ ಸೇರಿ ಒಂದು ಮಿತಿಯೊಳಗೆ ಇರಬೇಕು. ಇದಕ್ಕೆ ಸ್ಯಾಲರಿ ಕ್ಯಾಪ್ ಅಂತಾರೆ. 1984-85ರಲ್ಲಿ ಇದು ಶುರುವಾದಾಗ ಮಿತಿ ಇದ್ದಿದ್ದು 36 ಲಕ್ಷ ಡಾಲರ್. 2002-03ರ ಹೊತ್ತಿಗೆ ಸುಮಾರು 4 ಕೋಟಿ ಡಾಲರ್. ಆದರೆ ಈ ಬೇಲಿಗೆ ಅಲ್ಲಲ್ಲಿ ಕಂಡಿಗಳಿವೆ. ನಿನ್ನದೇ ಹಳೇ ಆಟಗಾರನನ್ನ ಉಳಿಸಿಕೊಳ್ಳೋಕೆ ಮಿತಿ ದಾಟಬಹುದು. ಇದನ್ನ ಲ್ಯಾರಿ ಬರ್ಡ್ ಹೆಸರಿನಿಂದ ಕರೀತಾರೆ. 1999ರ ಒಪ್ಪಂದದಲ್ಲಿ ಇನ್ನೊಂದು ಕಂಡಿ ತೆರೆದರು. ಮಿತಿ ದಾಟಿದ ತಂಡ ಕೂಡ ಆಗ ವರ್ಷಕ್ಕೊಮ್ಮೆ, ಲೀಗಿನ ಸರಾಸರಿ ಸಂಬಳದಷ್ಟು ಕೊಟ್ಟು ಹೊರಗಿನವನನ್ನ ತರಬಹುದಿತ್ತು. ಮಿಡ್‌ಲೆವೆಲ್ ಅಂತ ಇದರ ಹೆಸರು. 2002ರಲ್ಲಿ ಇದು ಮೊದಲ ವರ್ಷಕ್ಕೆ ಸುಮಾರು 45 ಲಕ್ಷ ಡಾಲರ್. ಈ 'ಸರಾಸರಿ' ಅನ್ನೋ ಮಾತನ್ನ ನೆನಪಿಟ್ಟುಕೊಳ್ಳಿ.

ದೊಡ್ಡ ನಟರಿಗೆ ಗರಿಷ್ಠ ಸಂಬಳ ಇಷ್ಟೇ ಅಂತ ಮಿತಿ ಇದೆ, ಹೊಸ ಹುಡುಗರಿಗೆ ಡ್ರಾಫ್ಟಿನಲ್ಲಿ ಎಷ್ಟನೆಯವನಾಗಿ ಆಯ್ಕೆಯಾದ ಅನ್ನೋದರ ಮೇಲೆ ಸಂಬಳ ಗೊತ್ತಾಗಿರುತ್ತೆ. ಹಾಗಾಗಿ ಚೌಕಾಸಿ ನಡೆಯೋದು, ತಪ್ಪು ಆಗೋದು, ಲಾಭ ಆಗೋದು ಎಲ್ಲ ಹೆಚ್ಚಾಗಿ ನಡುವಿನವರ ವಿಷಯದಲ್ಲಿ. ಅಂದ್ರೆ ಪೋಷಕ ನಟರ ವಿಷಯದಲ್ಲಿ.

*

ಡುಮಾರ್ಸ್ ಕುರ್ಚಿಯಲ್ಲಿ ಕೂತು ಸರಿಯಾಗಿ ಬಿಸಿಯಾಗೋ ಮುಂಚೆಯೇ ಸಿಡಿಲು ಬಡೀತು. ತಂಡದ ಏಕೈಕ ತಾರೆ ಗ್ರಾಂಟ್ ಹಿಲ್ ಒರ್ಲ್ಯಾಂಡೋಗೆ ಹೋಗ್ತೀನಿ ಅಂದ. ಹಿಂದಿನ ಸೀಸನ್ನಿನಲ್ಲಿ ಅವನ ಸರಾಸರಿ 25.8 ಅಂಕ. ಸುಮ್ಮನೆ ಬಿಟ್ಟುಕೊಟ್ಟರೆ ಕೈ ಖಾಲಿ. ಹಾಗಾಗಿ ಡುಮಾರ್ಸ್ ಒಂದು ಉಪಾಯ ಮಾಡಿದ. ಹಿಲ್‌ಗೆ ಡೆಟ್ರಾಯಿಟ್ಟೇ ಏಳು ವರ್ಷಕ್ಕೆ ಸುಮಾರು 9.3 ಕೋಟಿ ಡಾಲರಿನ ಒಪ್ಪಂದ ಕೊಟ್ಟು, ಆ ಒಪ್ಪಂದದ ಸಮೇತ ಒರ್ಲ್ಯಾಂಡೋಗೆ ಕಳಿಸಿತು. ಬದಲಿಗೆ ಬಂದವರು ಇಬ್ಬರು: ಚಕಿ ಆಟ್ಕಿನ್ಸ್ ಮತ್ತು ಬೆನ್ ವಾಲೆಸ್.

ಬೆನ್ ವಾಲೆಸ್ ಯಾರು ಅಂತ ಆಗ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಅಲಬಾಮಾದ ವೈಟ್ ಹಾಲ್ ಅನ್ನೋ ಸಣ್ಣ ಊರಿನವನು, ಹನ್ನೊಂದು ಮಕ್ಕಳ ಮನೆಯಲ್ಲಿ ಹತ್ತನೆಯವನು. ಹಳೇ ಆಟಗಾರ ಚಾರ್ಲ್ಸ್ ಓಕ್ಲಿ ಇವನನ್ನ ಒಂದು ಶಿಬಿರದಲ್ಲಿ ನೋಡಿ, ತಾನು ಓದಿದ ವರ್ಜೀನಿಯಾ ಯೂನಿಯನ್‌ಗೆ ದಾರಿ ತೋರಿಸಿದ. 1996ರ ಡ್ರಾಫ್ಟಿನಲ್ಲಿ ತಂಡಗಳು 58 ಹುಡುಗರನ್ನ ಆರಿಸಿಕೊಂಡವು. ಮೊದಲನೆಯವನು ಆಲನ್ ಐವರ್ಸನ್, ಹದಿಮೂರನೆಯವನು ಕೋಬಿ ಬ್ರಯಾಂಟ್. ಐವತ್ತೆಂಟರಲ್ಲಿ ಬೆನ್ ಇರಲಿಲ್ಲ. ಕಾರಣವೂ ಇತ್ತು ಅನ್ನಿ. ಸೆಂಟರ್ ಜಾಗಕ್ಕೆ ಎತ್ತರ ಸಾಲದು. 6 ಅಡಿ 9 ಇಂಚು ಅಂತ ಪುಸ್ತಕದಲ್ಲಿ ಬರೆದಿದ್ದರೂ ನಿಜಕ್ಕೆ ಅಷ್ಟಿರಲಿಲ್ಲ. ಬಾಲನ್ನ ಬುಟ್ಟಿಗೆ ಹಾಕೋಕೆ ಬರ್ತಿರಲಿಲ್ಲ. ಅಡ್ಡ ಬರೋರು ಯಾರೂ ಇಲ್ಲದ ಫ್ರೀ ಥ್ರೋನಲ್ಲೂ ಅವನ ಇಡೀ ವೃತ್ತಿಜೀವನದ ಲೆಕ್ಕ ನೂರಕ್ಕೆ 41ರ ಆಸುಪಾಸು. ವಾಷಿಂಗ್ಟನ್ ತಂಡ ಅವನನ್ನ ಇಟ್ಟುಕೊಂಡಿತ್ತು, 1999ರಲ್ಲಿ ಒರ್ಲ್ಯಾಂಡೋಗೆ ದಾಟಿಸಿತು, ಒರ್ಲ್ಯಾಂಡೋ ಡೆಟ್ರಾಯಿಟ್‌ಗೆ ದಾಟಿಸಿತು. ಅವನ ಒಪ್ಪಂದ ಆರು ವರ್ಷಕ್ಕೆ ಸುಮಾರು 3 ಕೋಟಿ ಡಾಲರ್. ಹಿಲ್‌ನದರ ಮೂರನೇ ಒಂದು ಭಾಗ.

ಆಮೇಲೆ ಆಗಿದ್ದು ನೋಡಿ. ಹಿಲ್‌ನ ಕಾಲಿನ ಗಿಣ್ಣು ಮುರಿದಿತ್ತು, ಅದು ಸರಿ ಹೋಗಲೇ ಇಲ್ಲ. ಒರ್ಲ್ಯಾಂಡೋದಲ್ಲಿ ಮೊದಲ ಮೂರು ವರ್ಷ ಸೇರಿ ಅವನು ಆಡಿದ್ದು 47 ಪಂದ್ಯ, ನಾಲ್ಕನೇ ವರ್ಷ ಒಂದೂ ಇಲ್ಲ. ಇತ್ತ ಬೆನ್ 2001-02ರಲ್ಲಿ ರಿಬೌಂಡ್, ಬ್ಲಾಕ್ ಎರಡರಲ್ಲೂ ಇಡೀ ಲೀಗಿಗೆ ಮೊದಲಿಗ. ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ 2002, 2003, 2005, 2006ರಲ್ಲಿ, ಒಟ್ಟು ನಾಲ್ಕು ಸಲ. 2001ರಲ್ಲಿ 32 ಪಂದ್ಯ ಗೆದ್ದಿದ್ದ ತಂಡ 2002ರಲ್ಲಿ 50 ಗೆದ್ದಿತು.

ಇದನ್ನ 'ಡುಮಾರ್ಸ್‌ನ ದೂರದೃಷ್ಟಿ' ಅಂತ ಹಾಡಿ ಹೊಗಳೋರು ಇದ್ದಾರೆ. ನಾನು ಅಷ್ಟು ದೂರ ಹೋಗಲ್ಲ. ಹಿಲ್‌ನ ಕಾಲು ಹಾಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಅದರಲ್ಲಿ ಅರ್ಧ ಅದೃಷ್ಟ. ಆದರೆ ಉಳಿದರ್ಧ ಅದೃಷ್ಟ ಅಲ್ಲ. ಬೆನ್‌ಗೆ ಅಂಕ ಗಳಿಸೋಕೆ ಬರಲ್ಲ ಅನ್ನೋದನ್ನ ಎಲ್ಲ ತಂಡಗಳೂ ನೋಡಿದ್ದವು. ಅಂಕ ಗಳಿಸದೇ ಇದ್ದರೂ ಇವನು ಆಟ ಗೆಲ್ಲಿಸಬಲ್ಲ ಅಂತ ನಂಬಿ, ಅವನಿಂದ ಬಾರದ್ದನ್ನ ಅವನ ಕೈಲಿ ಮಾಡಿಸೋಕೆ ಹೋಗದೇ ಇದ್ದಿದ್ದು ಡೆಟ್ರಾಯಿಟ್. ನಮ್ಮ ಆಫೀಸಿನಲ್ಲಿ ಇದೇ ಅಪರೂಪ ಸ್ವಾಮಿ!

*

ಬೆನ್ ವಿಷಯದಲ್ಲಿ ಅದೃಷ್ಟದ ಪಾಲಿತ್ತು. 2002ರಲ್ಲಿ ಡುಮಾರ್ಸ್ ಮಾಡಿದ ಮೂರು ಕೆಲಸಗಳಲ್ಲಿ ಲೆಕ್ಕಾಚಾರವೇ ಹೆಚ್ಚು.

ಮೊದಲನೆಯದು ಚಾನ್ಸಿ ಬಿಲಪ್ಸ್. 1997ರ ಡ್ರಾಫ್ಟಿನಲ್ಲಿ ಮೂರನೆಯವನಾಗಿ ಬಾಸ್ಟನ್‌ಗೆ ಹೋದವನು. ಮೊದಲ ಸೀಸನ್ ಮುಗಿಯೋ ಮುಂಚೆಯೇ ಬಾಸ್ಟನ್ ಅವನನ್ನ ಟೊರಾಂಟೋಗೆ ಸಾಗಹಾಕಿತು. ಅಲ್ಲಿಂದ ಡೆನ್ವರ್, ಒರ್ಲ್ಯಾಂಡೋ, ಮಿನೆಸೋಟ. ಐದು ವರ್ಷದಲ್ಲಿ ಐದು ತಂಡದ ನೀರು ಕುಡಿದ. ಹೀಗೆ ಊರೂರು ಸುತ್ತಿದವನ ಮೇಲೆ ಮಾರುಕಟ್ಟೆ ಒಂದು ಮುದ್ರೆ ಒತ್ತಿಬಿಡುತ್ತೆ: 'ಬೆಳೆಯಲಿಲ್ಲ'. ಆದರೆ 2001-02ರಲ್ಲಿ ಮಿನೆಸೋಟದ ಟೆರೆಲ್ ಬ್ರಾಂಡನ್ ಗಾಯಗೊಂಡಾಗ, ಆ ಜಾಗದಲ್ಲಿ ಬಿಲಪ್ಸ್ ಚೆನ್ನಾಗೇ ಆಡಿದ್ದ. ಆಗ ಅವನಿಗೆ ಬರೀ 25 ವರ್ಷ. ಡುಮಾರ್ಸ್ ಅವನನ್ನ ತಂದಿದ್ದು ಆ ಮಿಡ್‌ಲೆವೆಲ್ ಕಂಡಿಯಿಂದ, ಆರು ವರ್ಷಕ್ಕೆ ಸುಮಾರು 3.5 ಕೋಟಿ ಡಾಲರಿಗೆ. ಅಂದ್ರೆ ಲೀಗಿನ ಸರಾಸರಿ ಸಂಬಳಕ್ಕೆ. ಒಂದು ಥರದಲ್ಲಿ ಬಿಲಪ್ಸ್‌ಗೆ ಸಿಕ್ಕಿದ್ದೂ ಅದೇ 3! ಎರಡು ವರ್ಷದ ನಂತರ ಫೈನಲ್ಸ್‌ನಲ್ಲಿ 21 ಅಂಕಗಳ ಸರಾಸರಿಯಲ್ಲಿ ಆಡಿ, ಅದರ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದವನು ಇದೇ ಸರಾಸರಿ ಸಂಬಳದ ಮನುಷ್ಯ.

ಎರಡನೆಯದು ರಿಚರ್ಡ್ ಹ್ಯಾಮಿಲ್ಟನ್. ಆಗ ಡೆಟ್ರಾಯಿಟ್‌ನ ದೊಡ್ಡ ಹೆಸರು ಜೆರ್ರಿ ಸ್ಟ್ಯಾಕ್‌ಹೌಸ್. 2000-01ರಲ್ಲಿ 29.8 ಅಂಕಗಳ ಸರಾಸರಿ, 2001ರ ಏಪ್ರಿಲ್‌ನಲ್ಲಿ ಶಿಕಾಗೋ ಮೇಲೆ ಒಂದೇ ಪಂದ್ಯದಲ್ಲಿ 57. ಇಂಥವನನ್ನ 2002ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್‌ಗೆ ಕೊಟ್ಟು, ಮೂರು ವರ್ಷ ಚಿಕ್ಕವನಾದ, ಇನ್ನೂ ತನ್ನ ಮೊದಲ ಒಪ್ಪಂದದಲ್ಲೇ ಇದ್ದ ಹ್ಯಾಮಿಲ್ಟನ್‌ನನ್ನ ತಂದ. ಸ್ಟ್ಯಾಕ್‌ಹೌಸ್ ಆಡಬೇಕಾದ್ರೆ ಬಾಲ್ ಅವನ ಕೈಲಿರಬೇಕು. ಹ್ಯಾಮಿಲ್ಟನ್ ಬಾಲ್ ಇಲ್ಲದೆಯೇ ಓಡುತ್ತಿದ್ದ. ತಂಡದವರ ಅಡ್ಡ ನುಸುಳಿ, ಎದುರಾಳಿಯ ಉಸಿರು ಹಾರಿಸಿ, ಕೊನೆಗೆ ಒಂದು ಕ್ಷಣ ಬಿಡುವು ಸಿಕ್ಕಾಗ ಬಾಲ್ ಪಡೆದು ಹಾಕುತ್ತಿದ್ದ. 2004ರಲ್ಲಿ ಮೂಗು ಮುರಿದು ಹಾಕಿಕೊಂಡ ಪಾರದರ್ಶಕ ಮುಖವಾಡ ಆಮೇಲೆ ಅವನ ಗುರುತೇ ಆಗಿಹೋಯ್ತು. ಹೆಚ್ಚು ಅಂಕದವನನ್ನ ಕೊಟ್ಟು ಕಡಿಮೆ ಅಂಕದವನನ್ನ ತಂದ ವ್ಯಾಪಾರ ಇದು. ಆದರೆ ಬಿಲಪ್ಸ್ ಕೈಲಿ ಬಾಲ್ ಇರಬೇಕಾದ್ರೆ, ಪಕ್ಕದಲ್ಲಿ ಬಾಲ್ ಇಲ್ಲದೆ ಓಡುವವನೇ ಬೇಕು ತಾನೆ?

ಮೂರನೆಯದು ಟೇಶಾನ್ ಪ್ರಿನ್ಸ್. 2002ರ ಡ್ರಾಫ್ಟಿನಲ್ಲಿ 23ನೆಯವನು. ಕಡ್ಡಿಯಂಥ ಮೈ, ಬಿದಿರಿನ ಗಳುವಿನಂಥ ಕೈಗಳು. ಮೊದಲ ಸೀಸನ್ನಿನಲ್ಲಿ ಅರ್ಧದಷ್ಟು ಪಂದ್ಯಗಳಲ್ಲಿ ಅಂಗಳಕ್ಕೇ ಇಳಿಯಲಿಲ್ಲ. 2003ರ ಪ್ಲೇಆಫ್ ಮೊದಲ ಸುತ್ತಿನಲ್ಲಿ ಡೆಟ್ರಾಯಿಟ್ ಒರ್ಲ್ಯಾಂಡೋ ವಿರುದ್ಧ 1-3 ಹಿಂದೆ ಬಿತ್ತು. ಆ ಕಡೆ ಟ್ರೇಸಿ ಮಗ್ರೇಡಿ ಎಲ್ಲರನ್ನೂ ಆಟ ಆಡಿಸುತ್ತಿದ್ದ. ಆಗ ಕೋಚ್ ರಿಕ್ ಕಾರ್ಲೈಲ್, ಮಗ್ರೇಡಿಯನ್ನ ಹಿಡಿಯೋ ಕೆಲಸದಲ್ಲಿ ಈ ಹುಡುಗನನ್ನ ಹೆಚ್ಚು ಹೆಚ್ಚು ಬಳಸತೊಡಗಿದ. ಸತತ ಮೂರು ಪಂದ್ಯ ಗೆದ್ದು ಡೆಟ್ರಾಯಿಟ್ ಮುಂದಿನ ಸುತ್ತಿಗೆ ಹೋಯ್ತು. ಆ ಕೊನೆಯ ಎರಡು ಪಂದ್ಯಗಳಲ್ಲಿ ಬಿಲಪ್ಸ್ ಹೊಡೆದಿದ್ದು 40 ಮತ್ತು 37.

*

ಈಗ ಹೊಟ್ಟೆ ಉರಿಸುವ ಅಧ್ಯಾಯ.

1997ರಲ್ಲಿ ಡೆಟ್ರಾಯಿಟ್, ಓಟಿಸ್ ಥೋರ್ಪ್ ಅನ್ನೋ ಹಿರಿಯ ಆಟಗಾರನನ್ನ ವ್ಯಾಂಕೂವರ್ ಗ್ರಿಜ್ಲೀಸ್‌ಗೆ ಕೊಟ್ಟಿತ್ತು. ಬದಲಿಗೆ ಪಡೆದಿದ್ದು, ಮುಂದೆ ಯಾವತ್ತೋ ಒಂದು ವರ್ಷ ಗ್ರಿಜ್ಲೀಸ್‌ನ ಮೊದಲ ಸುತ್ತಿನ ಆಯ್ಕೆ. ಅದು ಕೈಗೆ ಬಂದಿದ್ದು 2003ರಲ್ಲಿ. ಅಷ್ಟರಲ್ಲಿ ಆ ತಂಡ ಮೆಂಫಿಸ್‌ಗೆ ಗುಳೆ ಹೋಗಿತ್ತು. ಲಾಟರಿಯಲ್ಲಿ ಮೆಂಫಿಸ್‌ಗೆ ಮೊದಲ ಸ್ಥಾನ ಬಂದರೆ ಮಾತ್ರ ಅದು ಅವರದ್ದು, ಇಲ್ಲದಿದ್ರೆ ಡೆಟ್ರಾಯಿಟ್‌ಗೆ. ಬಂದಿದ್ದು ಎರಡನೇ ಸ್ಥಾನ. ಹಿಂದಿನ ಸೀಸನ್ನಿನಲ್ಲಿ 50 ಪಂದ್ಯ ಗೆದ್ದ ತಂಡಕ್ಕೆ ಇಡೀ ಡ್ರಾಫ್ಟಿನ ಎರಡನೇ ಆಯ್ಕೆ! ಹೊಡೆದರೆ ಹೀಗೆ ಲಾಟರಿ ಹೊಡೀಬೇಕು.

ಮೊದಲನೆಯವನು ಲೆಬ್ರಾನ್ ಜೇಮ್ಸ್. ಎರಡನೆಯವನಾಗಿ ಡೆಟ್ರಾಯಿಟ್ ಆರಿಸಿದ್ದು ಸೆರ್ಬಿಯಾದ ಡಾರ್ಕೊ ಮಿಲಿಚಿಚ್. ಏಳು ಅಡಿ ಎತ್ತರ, ಎಡಗೈ, ವಾರದ ಹಿಂದಷ್ಟೇ 18 ತುಂಬಿತ್ತು. ಅವನ ನಂತರ ಉಳಿದವರು ಯಾರು ಗೊತ್ತಾ? ಮೂರನೆಯವನು ಕಾರ್ಮೆಲೊ ಆಂಥೋನಿ, ನಾಲ್ಕನೆಯವನು ಕ್ರಿಸ್ ಬಾಶ್, ಐದನೆಯವನು ಡ್ವೇನ್ ವೇಡ್. ಮೂವರೂ ಆಮೇಲೆ ದಂತಕಥೆಗಳಾದರು.

ಈ ತಪ್ಪನ್ನ ನೆನೆಸಿ ನಗೋದು ಸುಲಭ. ನನಗೆ ಕುತೂಹಲ ಇರೋದು ತಪ್ಪು ಯಾಕಾಯ್ತು ಅನ್ನೋದರಲ್ಲಿ. ಕಾರ್ಮೆಲೊ ಆಡುತ್ತಿದ್ದ ಜಾಗದಲ್ಲಿ ಡೆಟ್ರಾಯಿಟ್‌ಗೆ ಆಗಲೇ ಪ್ರಿನ್ಸ್ ಇದ್ದ. ಎತ್ತರದವನು ಬೇಕಿತ್ತು. ಅಂದ್ರೆ ಬಿಲಪ್ಸ್, ಹ್ಯಾಮಿಲ್ಟನ್‌ರನ್ನ ತಂದುಕೊಟ್ಟ ಅದೇ ತರ್ಕ, 'ನಮ್ಮ ತಂಡದಲ್ಲಿ ಯಾವ ಜಾಗ ಖಾಲಿ ಇದೆ?' ಅನ್ನೋ ತರ್ಕವೇ, ಇಲ್ಲಿ ಕೈಕೊಟ್ಟಿತು. 25ರ ಬಿಲಪ್ಸ್ ಏನು ಮಾಡಬಲ್ಲ ಅಂತ ನೋಡಿ ಜಾಗಕ್ಕೆ ಹೊಂದಿಸಬಹುದು. 18ರ ಹುಡುಗ ಏನಾಗ್ತಾನೆ ಅನ್ನೋದು ಅವನಿಗೇ ಗೊತ್ತಿರಲ್ಲ.

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ನಮ್ಮಲ್ಲಿ ಗಾದೆ ಇದೆ. ಈ ಕಥೆ ನೋಡಿದ ಮೇಲೆ ನನಗೆ ಆ ಗಾದೆ ಮೇಲೆ ನಂಬಿಕೆ ಕಡಿಮೆಯಾಗಿದೆ. ಬೆನ್‌ನ ಮೊಳಕೆ ಯಾರ ಕಣ್ಣಿಗೂ ಬೀಳಲಿಲ್ಲ. ಡಾರ್ಕೊನ ಮೊಳಕೆ ಎಲ್ಲರಿಗೂ ಕಂಡಿತು, ಆದರೆ ಅದನ್ನ ನೆಟ್ಟಿದ್ದು ದೊಡ್ಡ ಮರದ ನೆರಳಿನಲ್ಲಿ. ಆ ವರ್ಷ ಹೊಸದಾಗಿ ಬಂದ ಕೋಚ್ ಲ್ಯಾರಿ ಬ್ರೌನ್ ಹೊಸ ಹುಡುಗರನ್ನ ಆಡಿಸೋದಕ್ಕೆ ಹಿಂಜರಿಯುವವನು ಅಂತಲೇ ಹೆಸರಾಗಿದ್ದ. ಗೆಲ್ಲೋಕೆ ಹೊರಟ ತಂಡಕ್ಕೆ ಹುಡುಗನ ತಪ್ಪುಗಳನ್ನ ಸಹಿಸೋ ಪುರುಸೊತ್ತೂ ಇರಲಿಲ್ಲ. ಮೊದಲ ವರ್ಷ ಡಾರ್ಕೊ ಆಡಿದ್ದು 34 ಪಂದ್ಯ, ಪಂದ್ಯಕ್ಕೆ ಐದು ನಿಮಿಷಕ್ಕಿಂತ ಕಡಿಮೆ. ಆಟ ಗೆದ್ದಾಯ್ತು ಅಂತ ಖಾತ್ರಿಯಾದ ಮೇಲೆ ಅವನನ್ನ ಇಳಿಸೋರು. ಜನ ಅವನನ್ನ 'ಗೆಲುವಿನ ಸಿಗಾರ್' ಅಂತ ಕರೆದು ನಗುತ್ತಿದ್ದರು. 18 ವರ್ಷದ ಹುಡುಗ, ಭಾಷೆ ಬಾರದ ಊರು, ಬೆಂಚು, ಮೇಲಿಂದ ಈ ನಗು. ಸಾಫ್ಟ್‌ವೇರಿನಲ್ಲಿ 'ಬೆಂಚ್' ಮೇಲೆ ಕೂತು ಸಂಬಳ ತಗೊಂಡವರಿಗೆ ಗೊತ್ತು, ಸಂಬಳ ಬಂದರೂ ಊಟ ಸೇರಲ್ಲ.

2006ರ ಫೆಬ್ರವರಿಯಲ್ಲಿ ಅವನನ್ನ ಒರ್ಲ್ಯಾಂಡೋಗೆ ಕೊಟ್ಟುಬಿಟ್ಟರು. ಅವನು ಪೂರ್ತಿ ಕೆಲಸಕ್ಕೆ ಬಾರದವನೇನೂ ಆಗಿರಲಿಲ್ಲ. 2010ರಲ್ಲಿ ಮಿನೆಸೋಟ ಅವನಿಗೆ ನಾಲ್ಕು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಕೊಟ್ಟಿತು. ಒಬ್ಬ ಸಾಧಾರಣ ಪೋಷಕ ನಟ ಆಗೋದರಲ್ಲಿದ್ದ. ಆದರೆ ನಾಯಕ ನಟ ಅಂತ ಬಂದವನಿಗೆ ಪೋಷಕ ಪಾತ್ರ ಸಿಕ್ಕರೆ ಜನ ಅದನ್ನ ಸೋಲು ಅಂತಲೇ ಬರೆದುಕೊಳ್ತಾರೆ. ಆಟ ಬಿಟ್ಟ ಮೇಲೆ ಅವನು ಸೆರ್ಬಿಯಾದಲ್ಲಿ ಹಣ್ಣಿನ ತೋಟ ಮಾಡಿದ. ನನಗಂತೂ ಅದನ್ನ ಓದಿ ಸಮಾಧಾನ ಆಯ್ತು.

*

2004ರ ಫೆಬ್ರವರಿ 19. ತಂಡ ಚೆನ್ನಾಗಿತ್ತು, ಆದರೆ ಏನೋ ಒಂದು ಕೊರತೆ. ಡುಮಾರ್ಸ್ ಮೂರು ತಂಡಗಳ ವಿನಿಮಯ ಮಾಡಿ ರಶೀದ್ ವಾಲೆಸ್‌ನನ್ನ ತಂದ. (ಬೆನ್‌ಗೂ ಇವನಿಗೂ ಸಂಬಂಧ ಇಲ್ಲ, ಮನೆತನದ ಹೆಸರು ಒಂದೇ ಅಷ್ಟೆ.) ಪ್ರತಿಭೆಯಲ್ಲಿ ಇವನು ಪೋಷಕ ನಟನೇ ಅಲ್ಲ. ಬಾಯಿ ಮಾತ್ರ ಜೋರು. 2000-01ರಲ್ಲಿ ರೆಫರಿಗಳ ಜೊತೆ ಜಗಳ ಆಡಿ 41 ಟೆಕ್ನಿಕಲ್ ಫೌಲ್ ತಗೊಂಡ ದಾಖಲೆ ಇವನದ್ದು. ಪೋರ್ಟ್‌ಲ್ಯಾಂಡ್ ಇವನನ್ನ ಅಟ್ಲಾಂಟಾಗೆ ಕೊಟ್ಟಿತ್ತು, ಅಟ್ಲಾಂಟಾಗೆ ಬೇಕಿದ್ದಿದ್ದು ಅವನ ಆಟ ಅಲ್ಲ. ಸುಮಾರು 1.7 ಕೋಟಿ ಡಾಲರಿನ ಅವನ ಒಪ್ಪಂದ ಆ ವರ್ಷವೇ ಮುಗಿಯುತ್ತಿತ್ತು, ಅಂದ್ರೆ ಮುಂದಿನ ವರ್ಷ ಅಷ್ಟು ಜಾಗ ಖಾಲಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಮುಗಿಯುತ್ತಾ ಬಂದ ಒಪ್ಪಂದಕ್ಕೂ ಬೆಲೆ ಇದೆ, ಮನುಷ್ಯನಿಗಿಂತ ಒಂದೊಂದ್ಸಲ ಅದಕ್ಕೇ ಹೆಚ್ಚು. ಅಟ್ಲಾಂಟಾ ಪರವಾಗಿ ಅವನು ಆಡಿದ್ದು ಒಂದೇ ಒಂದು ಪಂದ್ಯ.

ಡೆಟ್ರಾಯಿಟ್‌ನಲ್ಲಿ ಅವನು ಮಾಡಿದ ಮೊದಲ ಕೆಲಸ ತಾನು ತಾರೆ ಅನ್ನೋದನ್ನ ಮರೆತಿದ್ದು. ಅಂಕಕ್ಕೆ ಹಪಹಪಿಸಲಿಲ್ಲ, ಬೆನ್ ಪಕ್ಕದಲ್ಲಿ ಎರಡನೇ ಗೋಡೆಯಾಗಿ ನಿಂತ. ಮಾರ್ಚ್‌ನಲ್ಲಿ ಸತತ ಐದು ಪಂದ್ಯಗಳಲ್ಲಿ ಎದುರಾಳಿಗಳು 70 ಅಂಕ ಮುಟ್ಟಲಿಲ್ಲ.

ಫೈನಲ್ಸ್ ಮೊದಲ ಪಂದ್ಯ ಈಗಲೂ ನೆನಪಿದೆ. ಡೆಟ್ರಾಯಿಟ್ 87, ಲೇಕರ್ಸ್ 75. ಶಕೀಲ್ 34 ಹೊಡೆದ, ಕೋಬಿ 25. ಉಳಿದವರೆಲ್ಲ ಸೇರಿ 16! ಅಲ್ಲೇ ಇಡೀ ಕಥೆ ಇದೆ. ಆ ವರ್ಷ ಲೇಕರ್ಸ್‌ಗೆ ಸಿಕ್ಕಿದ್ದ ಅಗ್ಗದ ಸರಕು ಯಾವುದು ಗೊತ್ತಾ? ಮಲೋನ್ ಮತ್ತು ಪೇಟನ್. ಚಾಂಪಿಯನ್ ಆಗಬೇಕು ಅನ್ನೋ ಆಸೆಗೆ ಪೇಟನ್ ಮಿಡ್‌ಲೆವೆಲ್ ಸಂಬಳಕ್ಕೆ ಬಂದಿದ್ದ, ಮಲೋನ್ ಬರೀ 15 ಲಕ್ಷ ಡಾಲರಿಗೆ. ಕಾಗದದ ಮೇಲೆ ಬಿಲಪ್ಸ್‌ಗಿಂತ ದೊಡ್ಡ ಚೌಕಾಸಿ ಅದು. ಆದರೆ ಪೇಟನ್‌ಗೆ ಲೇಕರ್ಸ್‌ನ ಆಟದ ಪದ್ಧತಿ ಒಗ್ಗಲೇ ಇಲ್ಲ. ಮಲೋನ್ ಮೊಣಕಾಲು ನೋವಿನಲ್ಲಿ ಕುಂಟಿಕೊಂಡು ಆಡಿ ಐದನೇ ಪಂದ್ಯಕ್ಕೆ ಬರಲೇ ಇಲ್ಲ. (ಅವನು ಗಟ್ಟಿಯಾಗಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು ಅನ್ನೋರಿದ್ದಾರೆ, ಅದನ್ನೂ ತಳ್ಳಿ ಹಾಕಲಾರೆ.) ಅಗ್ಗ ಅಂದ ಮಾತ್ರಕ್ಕೆ ಲಾಭ ಅಲ್ಲ. ಕೋಬಿ ಬೆನ್ನಿಗೆ ಪ್ರಿನ್ಸ್ ಬಿದ್ದಿದ್ದ. 1996ರ ಡ್ರಾಫ್ಟಿನಲ್ಲಿ ಯಾರಿಗೂ ಬೇಡವಾಗಿದ್ದ ಬೆನ್ ಕೊನೆಯ ಪಂದ್ಯದಲ್ಲಿ 18 ಅಂಕ, 22 ರಿಬೌಂಡ್ ತೆಗೆದ.

*

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ ಪೋಷಕ ನಟರ ಕಷ್ಟ ಶುರುವಾಗೋದೇ ಗೆದ್ದ ಮೇಲೆ. ಗೆದ್ದ ತಕ್ಷಣ ಎಲ್ಲರ ಬೆಲೆ ಏರುತ್ತೆ.

ಮೊದಲು ಹೋದವನು ಟರ್ಕಿಯ ಮೆಹ್ಮೆತ್ ಒಕುರ್. ಡ್ರಾಫ್ಟಿನ ಎರಡನೇ ಸುತ್ತಿನಲ್ಲಿ ಸಿಕ್ಕಿದ್ದ ಹುಡುಗ, ಎರಡೇ ವರ್ಷದ ಅಗ್ಗದ ಒಪ್ಪಂದ. ಒಪ್ಪಂದ ಚಿಕ್ಕದಾಗಿದ್ದೇ ಮುಳುವಾಯ್ತು. ಮಿತಿ ದಾಟಿ ಪೂರ್ತಿ ಬೆಲೆ ಕೊಡುವ ಹಕ್ಕು ಬರೋದು ಆಟಗಾರ ಮೂರು ವರ್ಷ ಜೊತೆಗಿದ್ದರೆ ಮಾತ್ರ. 2004ರಲ್ಲಿ ಯೂಟಾ ಆರು ವರ್ಷಕ್ಕೆ ಸುಮಾರು 5 ಕೋಟಿ ಡಾಲರ್ ಮುಂದಿಟ್ಟಿತು. ಡೆಟ್ರಾಯಿಟ್‌ಗೆ ರಶೀದ್‌ನನ್ನೂ ಉಳಿಸಿಕೊಳ್ಳಬೇಕಿತ್ತು, ಒಕುರ್‌ನನ್ನ ಬಿಟ್ಟುಕೊಟ್ಟಿತು. ಅವನು 2007ರಲ್ಲಿ ಆಲ್‌ಸ್ಟಾರ್ ಆದ. ಡಾರ್ಕೊ ಬೆಂಚಿನಲ್ಲಿ ಕೂತು ಕಾಯುತ್ತಿದ್ದ ಪಾತ್ರವನ್ನ, ಸದ್ದಿಲ್ಲದೆ ಆಗಲೇ ಆಡುತ್ತಿದ್ದ ಹುಡುಗ ಅವನು.

2005ರ ಫೈನಲ್ಸ್‌ನಲ್ಲಿ ಸ್ಯಾನ್ ಆಂಟೋನಿಯೋ ಎದುರು 3-4ರಿಂದ ಸೋಲು. 2006ರಲ್ಲಿ 64 ಗೆಲುವು, ನಾಲ್ವರು ಆಲ್‌ಸ್ಟಾರ್‌ಗಳು, ಆದರೆ ಪ್ಲೇಆಫ್‌ನಲ್ಲಿ ವೇಡ್‌ನ ಮಯಾಮಿ ಕೈಲಿ ಸೋಲು. ಹೌದು, 2003ರಲ್ಲಿ ಬಿಟ್ಟ ಅದೇ ವೇಡ್.

ಅದೇ ಬೇಸಿಗೆಯಲ್ಲಿ ಬೆನ್‌ನ ಆರು ವರ್ಷ ಮುಗೀತು. ವಯಸ್ಸು 31. ಶಿಕಾಗೋ ನಾಲ್ಕು ವರ್ಷಕ್ಕೆ 6 ಕೋಟಿ ಡಾಲರ್ ಅಂದಿತು, ಡೆಟ್ರಾಯಿಟ್ ಅಷ್ಟು ಕೊಡೋಕೆ ಒಪ್ಪಲಿಲ್ಲ. ಲೆಕ್ಕದಲ್ಲಿ ಡೆಟ್ರಾಯಿಟ್ಟೇ ಸರಿ. ಶಿಕಾಗೋದಲ್ಲಿ ಬೆನ್ ಹಳೇ ಬೆನ್ ಆಗಲಿಲ್ಲ, 2008ರ ಫೆಬ್ರವರಿಯಲ್ಲಿ ಅವರೇ ಅವನನ್ನ ಕ್ಲೀವ್‌ಲ್ಯಾಂಡ್‌ಗೆ ದಾಟಿಸಿದರು. ಆದರೆ ಬೆನ್ ಇಲ್ಲದ ಆ ಡೆಟ್ರಾಯಿಟ್ ಕೂಡ ಮತ್ತೆ ಫೈನಲ್ಸ್ ಮುಟ್ಟಲಿಲ್ಲ. ಕೊಂಡವರಿಗೂ ನಷ್ಟ, ಬಿಟ್ಟವರಿಗೂ ನಷ್ಟ. ಇದು ಹೇಗೆ ಸಾಧ್ಯ? ನಾನು ಇದರ ಬಗ್ಗೆ ಬಹಳ ಯೋಚಿಸಿದ್ದೇನೆ. ನನಗೆ ತೋಚಿದ ಉತ್ತರ ಒಂದೇ: ಆ ಬೆಲೆ ಬೆನ್ ಒಬ್ಬನ ಮೈಯಲ್ಲಿ ಇರಲಿಲ್ಲ. ಬೆನ್ ಹಿಂದೆ ಇದ್ದಾನೆ ಅನ್ನೋ ಧೈರ್ಯದಲ್ಲಿ ಪ್ರಿನ್ಸ್ ಮುಂದೆ ನುಗ್ಗುತ್ತಿದ್ದ, ಅಂಕ ಗಳಿಸೋಕೆ ಹ್ಯಾಮಿಲ್ಟನ್ ಇದ್ದಾನೆ ಅಂತ ಬೆನ್ ನಿಶ್ಚಿಂತನಾಗಿದ್ದ. ಬೆಲೆ ಇದ್ದಿದ್ದು ಅವರ ನಡುವಿನ ಜಾಗದಲ್ಲಿ. ಮೃದಂಗದವನನ್ನ ಕಛೇರಿಯಿಂದ ಎಬ್ಬಿಸಿ ಬೇರೆ ಊರಿಗೆ ಕರೆದೊಯ್ದರೆ ಕೈ ಅವನದ್ದೇ, ಆದರೆ ಆ ಹಾಡುಗಾರ ಎಲ್ಲಿಂದ ಬರಬೇಕು?

ಡುಮಾರ್ಸ್ ಇದನ್ನ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು. ಅವನೇ ಮರೆತ ಅನ್ನೋದು ಈ ಕಥೆಯ ದುಃಖ. 2008ರ ನವೆಂಬರಿನಲ್ಲಿ ಬಿಲಪ್ಸ್‌ನನ್ನ ಡೆನ್ವರ್‌ಗೆ ಕೊಟ್ಟು ಐವರ್ಸನ್‌ನನ್ನ ತಂದ, ಮುಖ್ಯವಾಗಿ ಆ ವರ್ಷವೇ ಮುಗಿಯುತ್ತಿದ್ದ ಅವನ ಒಪ್ಪಂದಕ್ಕಾಗಿ. ಬಿಲಪ್ಸ್ ಡೆನ್ವರನ್ನ ಪಶ್ಚಿಮ ವಿಭಾಗದ ಫೈನಲ್ಸ್‌ವರೆಗೆ ಕರೆದೊಯ್ದ. ಡೆಟ್ರಾಯಿಟ್ 39 ಪಂದ್ಯ ಗೆದ್ದು ಪ್ಲೇಆಫ್ ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಖಾಲಿಯಾದ ದುಡ್ಡಿನಲ್ಲಿ 2009ರ ಜುಲೈನಲ್ಲಿ ಕೊಂಡಿದ್ದು ಬೆನ್ ಗಾರ್ಡನ್‌ನನ್ನ, ಐದು ವರ್ಷಕ್ಕೆ 5.5 ಕೋಟಿಗೂ ಹೆಚ್ಚು. ಚಾರ್ಲಿ ವಿಲನ್ಯೂಯೆವಾನನ್ನ, ಐದು ವರ್ಷಕ್ಕೆ 3.5 ಕೋಟಿಗೂ ಹೆಚ್ಚು. ಹಿಂದಿನ ಸೀಸನ್ನಿನಲ್ಲಿ ಒಬ್ಬನ ಸರಾಸರಿ 20.7, ಇನ್ನೊಬ್ಬನದ್ದು 16.2. ಅಂಕಿ ನೋಡಿ ಕೊಂಡ. ಜಾಗ ನೋಡಲಿಲ್ಲ. ಗಾರ್ಡನ್ ಆಡುತ್ತಿದ್ದ ಜಾಗದಲ್ಲಿ ಹ್ಯಾಮಿಲ್ಟನ್ ಇನ್ನೂ ಅಲ್ಲೇ ಇದ್ದ! ಮೊದಲ ವರ್ಷವೇ ಗಾರ್ಡನ್‌ನ ಸರಾಸರಿ 13.8ಕ್ಕೆ ಇಳೀತು. 2012ರಲ್ಲಿ ಅವನನ್ನ ತಗೊಂಡು ಹೋಗಿ ಅಂತ ಶಾರ್ಲಟ್ ತಂಡಕ್ಕೆ ಮೇಲಿಂದ ಒಂದು ಮೊದಲ ಸುತ್ತಿನ ಆಯ್ಕೆಯನ್ನೂ ಸೇರಿಸಿ ಕೊಡಬೇಕಾಯ್ತು. 2013ರಲ್ಲಿ ಜಾಶ್ ಸ್ಮಿತ್‌ಗೆ ನಾಲ್ಕು ವರ್ಷಕ್ಕೆ 5.4 ಕೋಟಿ. 2014ರಲ್ಲಿ ಡುಮಾರ್ಸ್ ಕುರ್ಚಿ ಬಿಟ್ಟ. ಅದೇ ಡಿಸೆಂಬರಿನಲ್ಲಿ ಮುಂದೆ ಬಂದವರು ಸ್ಮಿತ್‌ನನ್ನ ಕೈಬಿಟ್ಟರು, ಬಾಕಿ ಸಂಬಳವನ್ನ ಕಂತಿನಲ್ಲಿ 2020ರವರೆಗೂ ಕಟ್ಟುವ ಏರ್ಪಾಟು ಮಾಡಿಕೊಂಡು. ಮಾರಿಬಿಟ್ಟ ಎಮ್ಮೆಗೆ ಆರು ವರ್ಷ ಹಿಂಡಿ ಹಾಕಿದ ಹಾಗೆ.

ಮನುಷ್ಯ ಅದೇ, ಕಣ್ಣು ಅದೇ. ಕೈಯಲ್ಲಿ ದುಡ್ಡಿಲ್ಲದಾಗ ಒಬ್ಬೊಬ್ಬನನ್ನೂ 'ಇವನು ಯಾರ ಪಕ್ಕದಲ್ಲಿ ನಿಲ್ತಾನೆ?' ಅಂತ ನೋಡಿದ. ದುಡ್ಡು ಬಂದಾಗ 'ಇವನ ಅಂಕಿ ಎಷ್ಟು?' ಅಂತ ನೋಡಿದ. ಇಷ್ಟೇ ವ್ಯತ್ಯಾಸ.

*

ಬೆನ್ ವಾಲೆಸ್ 2009ರಲ್ಲಿ ಡೆಟ್ರಾಯಿಟ್‌ಗೆ ವಾಪಸ್ ಬಂದು, 2012ರಲ್ಲಿ ಅಲ್ಲೇ ಆಟ ಮುಗಿಸಿದ. 2021ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದ. 2024ರಲ್ಲಿ ಬಿಲಪ್ಸ್ ಕೂಡ ಸೇರಿದ. ಗ್ರಾಂಟ್ ಹಿಲ್ 2018ರಲ್ಲೇ ಸೇರಿದ್ದ; ಅಷ್ಟೆಲ್ಲ ನೋವು ತಿಂದೂ 2013ರವರೆಗೆ ಆಡಿದ ಅವನ ಛಲಕ್ಕೂ ಒಂದು ನಮಸ್ಕಾರ.

2016ರ ಜನವರಿಯಲ್ಲಿ ಡೆಟ್ರಾಯಿಟ್‌ನವರು ಬೆನ್ ತೊಡುತ್ತಿದ್ದ ಜೆರ್ಸಿಯ ಸಂಖ್ಯೆಯನ್ನ ಇನ್ನು ಯಾರಿಗೂ ಕೊಡಲ್ಲ ಅಂತ ಸೂರಿಗೆ ಏರಿಸಿದರು. ಆ ಸಂಖ್ಯೆ ಯಾವುದು ಗೊತ್ತಾ? 3.

ಅದನ್ನ ಓದಿದಾಗ ನಗು ಬಂತು, ಆಮೇಲೆ ನಗು ನಿಂತುಹೋಯ್ತು. "ಯಾರ ಆವರೇಜ್ ಸರ್?" ಅಂತ ಕೇಳಿದ ಆಕೆ ಈಗ ಬೇರೆಲ್ಲೋ ಚೆನ್ನಾಗಿದ್ದಾರೆ ಅಂತ ಕೇಳಿದ್ದೇನೆ. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳುವಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ. ಈ ವರ್ಷದ ಫಾರ್ಮಿನಲ್ಲೂ ಮೂರು ಜನಕ್ಕೆ 3 ಬರೆಯಲೇಬೇಕಾಯ್ತು, ಅದು ನನ್ನ ಕೈಲಿಲ್ಲ. ಆದರೆ ಕಾಮೆಂಟಿನ ಜಾಗದಲ್ಲಿ, ಇವರು ಯಾರ ಪಕ್ಕದಲ್ಲಿ ಕೂತು ಯಾರ ಕೆಲಸ ಹಗುರ ಮಾಡಿದರು ಅನ್ನೋದನ್ನ ಹೆಸರು ಹೆಸರಾಗಿ ಬರೆದೆ. ಮೇಲಿನವರು ಓದ್ತಾರೋ ಇಲ್ವೋ ಗೊತ್ತಿಲ್ಲ.

ನಿಮ್ಮ ಆಫೀಸಿನಲ್ಲೂ ಒಬ್ಬ ಬೆನ್ ವಾಲೆಸ್ ಇರಬಹುದು. ಇದ್ದರೆ ಅವರ ಬಗ್ಗೆ ನೀವೂ ಬರೀರಿ, ಓದೋಕೆ ಕಾಯ್ತಿರ್ತೀನಿ.